ಕಚ್ಚಾ ಹಾದಿಯ ಬೈಕ್ ಸವಾರಿ: ಚಿಕ್ಕ ಮಕ್ಕಳನ್ನು ಎಲ್ಲಿಯವರೆಗೆ ಕರೆದೊಯ್ಯಬಹುದು?

ಕಲಬುರಗಿ: ಡಾಂಬರು ರಸ್ತೆ ಬಿಟ್ಟು ಹೊಲ, ಹಳ್ಳ, ಗುಡ್ಡಗಳ ನಡುವಿನ ಕಚ್ಚಾ ಹಾದಿಯಲ್ಲಿ ಬೈಕ್ ಓಡಿಸುವ ಹವ್ಯಾಸ ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಜಿಲ್ಲಾ ಕೇಂದ್ರಗಳಲ್ಲಿಯೂ ರಜೆಯ ದಿನ ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ಮರಳುವ ಸವಾರರಿದ್ದಾರೆ. ಹವ್ಯಾಸ ಮನೆಯೊಳಗೆ ಬಂದ ಮೇಲೆ ಮನೆಯ ಮಗುವೂ ಹಠ ಹಿಡಿಯುವುದು ಸಹಜ. ಒಮ್ಮೆ ಕರೆದೊಯ್ದರೆ ಏನಾದೀತು ಎಂದು ತಂದೆ ಯೋಚಿಸುವುದೂ ಅಷ್ಟೇ ಸಹಜ. ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಡುತ್ತದೆ. ಹಾದಿಯ ಮಣ್ಣು ಮತ್ತು ಮಗುವಿನ ಮೈ ಇನ್ನೊಂದು ಉತ್ತರ ಕೊಡುತ್ತವೆ. ಎರಡನ್ನೂ ಅರಿತು ಹೊರಡುವುದು ಪಾಲಕರ ಹೊಣೆ. ಆ ದೃಷ್ಟಿಯಿಂದ ಮುಖ್ಯ ಸಂಗತಿಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಕಮಲಾಪುರದ ಹಾದಿ

ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮಹಾಗಾಂವ್ ಕ್ರಾಸ್, ಕುರಿಕೋಟಾ ದಾಟಿದರೆ ಕಮಲಾಪುರ ಸಿಗುತ್ತದೆ. ಹಿಂದೆ ಕಲಬುರಗಿ ತಾಲ್ಲೂಕಿನ ಭಾಗವಾಗಿದ್ದ ಈ ಪಟ್ಟಣ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಕಮಲಾಪುರದ ಕೆಂಪು ಬಾಳೆ ಈ ಊರನ್ನು ನಾಡಿಗೆ ಪರಿಚಯಿಸಿದೆ.

ಸವಾರರ ಮಟ್ಟಿಗೆ ಈ ಪ್ರದೇಶದ ಆಕರ್ಷಣೆ ನೆಲದ ಬದಲಾವಣೆಯಲ್ಲಿದೆ. ಕಲಬುರಗಿಯ ಸುತ್ತ ತೊಗರಿ, ಜೋಳ ಬೆಳೆಯುವ ಸಮತಟ್ಟಾದ ಎರೆ ಭೂಮಿಯಿದೆ. ಕಮಲಾಪುರದ ಕಡೆಗೆ ಹೋದಂತೆ ಕೆಂಪು ಮಣ್ಣು, ಗರಸು, ಏರಿಳಿತ, ಹಳ್ಳಕೊಳ್ಳಗಳು ಆರಂಭವಾಗುತ್ತವೆ. ಅದರಾಚೆ ಚಿಂಚೋಳಿಯ ಕುರುಚಲು ಕಾಡು. ಹೆದ್ದಾರಿಯಿಂದ ಇಳಿದರೆ ಹೊಲಗಳಿಗೆ ಹೋಗುವ ಬಂಡಿ ದಾರಿಗಳು, ದನದ ಹಾದಿಗಳು ಸಿಗುತ್ತವೆ. ಇವು ಸವಾರಿಗಾಗಿ ಮಾಡಿದ ಹಾದಿಗಳಲ್ಲ. ರೈತರ ನಿತ್ಯದ ಓಡಾಟಕ್ಕೆ ಆದ ದಾರಿಗಳು ಎಂಬುದನ್ನು ಮರೆಯಬಾರದು.

ನಾಲ್ಕು ವರ್ಷದ ಗೆರೆ

ಮೋಟಾರು ವಾಹನಗಳ ಕಾಯ್ದೆ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯು ಮಕ್ಕಳ ವಿಷಯದಲ್ಲಿ ಒಂದು ಸ್ಪಷ್ಟ ಗೆರೆ ಎಳೆದಿದೆ. ಕಾಯ್ದೆಯ 129ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ದ್ವಿಚಕ್ರ ವಾಹನದ ಮೇಲಿರುವ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ನಿಗದಿತ ಗುಣಮಟ್ಟದ ಹೆಲ್ಮೆಟ್ ಧರಿಸಬೇಕು. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ ಇದೆ. ಒಂದನೇ ತರಗತಿಗೆ ಹೋಗುವ ಬಾಲಕನಿಗೂ ಆತನ ತಂದೆಗೂ ಈ ವಿಷಯದಲ್ಲಿ ಭೇದವಿಲ್ಲ.

ನಾಲ್ಕು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2022ರ ಫೆಬ್ರುವರಿ 15ರಂದು ಪ್ರತ್ಯೇಕ ಅಧಿಸೂಚನೆ ಹೊರಡಿಸಿತು. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮಕ್ಕೆ ಸೇರಿದ ಈ ಉಪನಿಯಮ ಒಂದು ವರ್ಷದ ಬಳಿಕ, ಅಂದರೆ 2023ರ ಫೆಬ್ರುವರಿಯಲ್ಲಿ ಜಾರಿಗೆ ಬಂದಿತು. ಅದರ ತಿರುಳು ಮೂರು ಅಂಶಗಳಲ್ಲಿದೆ.

ಮೊದಲನೆಯದು, ಮಗುವನ್ನು ಸವಾರನಿಗೆ ಸುರಕ್ಷಾ ಪಟ್ಟಿಯಿಂದ ಬಿಗಿಯಬೇಕು. ಮಗು ತೊಡುವ ಅಂಗಿಯಂಥ ಕವಚ ಮತ್ತು ಸವಾರನ ಹೆಗಲಿಗೆ ಹಾಕುವ ಪಟ್ಟಿಗಳು ಇದರಲ್ಲಿರುತ್ತವೆ. ಪಟ್ಟಿ ಹಗುರವೂ ಬಾಳಿಕೆಯುಳ್ಳದ್ದೂ ಆಗಿರಬೇಕು, ನೀರಿಗೆ ಕೆಡಬಾರದು, ಮಗುವಿನ ಅಳತೆಗೆ ಹೊಂದಿಸಲು ಬರಬೇಕು ಮತ್ತು 30 ಕಿಲೋ ತೂಕ ತಾಳಬೇಕು. ಎರಡನೆಯದು, 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ತಲೆಗೆ ಸರಿಯಾಗಿ ಕೂಡುವ ಹೆಲ್ಮೆಟ್ ಇರಬೇಕು. ನಿಗದಿತ ಅಂತರರಾಷ್ಟ್ರೀಯ ಗುಣಮಟ್ಟದ ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತದೆ. ಮೂರನೆಯದು, ಇಂಥ ಮಗು ಇರುವಾಗ ವೇಗ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ.

9 ತಿಂಗಳಿಗಿಂತ ಚಿಕ್ಕ ಕೂಸಿಗೆ ಹೆಲ್ಮೆಟ್ ಷರತ್ತು ವಿಧಿಸಿಲ್ಲ ಎಂದ ಮಾತ್ರಕ್ಕೆ ಕೂಸನ್ನು ಬೈಕ್ ಮೇಲೆ ಒಯ್ಯುವುದು ಸುರಕ್ಷಿತವೆಂದು ಭಾವಿಸಬಾರದು. ಆ ವಯಸ್ಸಿನ ಕುತ್ತಿಗೆ ಹೆಲ್ಮೆಟ್ಟಿನ ಭಾರವನ್ನೇ ತಾಳಲಾರದು. ಹೆಲ್ಮೆಟ್ ಹಾಕಲಾಗದ ಮಗುವನ್ನು ಬೈಕ್ ಮೇಲೆ ಕೂರಿಸದಿರುವುದೇ ಲೇಸು.

ಹೆಲ್ಮೆಟ್ ನಿಯಮ ಮುರಿದರೆ ಕಾಯ್ದೆಯ 194ಡಿ ಸೆಕ್ಷನ್ ಒಂದು ಸಾವಿರ ರೂಪಾಯಿ ದಂಡ ಮತ್ತು ಮೂರು ತಿಂಗಳ ಮಟ್ಟಿಗೆ ಚಾಲನಾ ಪರವಾನಗಿ ಅನರ್ಹತೆಯನ್ನು ಹೇಳುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಕಲಬುರಗಿ ನಗರದಲ್ಲಿ 2019ರ ಸೆಪ್ಟೆಂಬರ್ ಕೊನೆಯಲ್ಲಿ, ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲ ಎಂಬ ಕ್ರಮವನ್ನೂ ಪೊಲೀಸರು ಕೈಗೊಂಡಿದ್ದರು.

ಇಬ್ಬರ ನಡುವೆ ಮೂರನೆಯವರು

ಗಂಡ, ಹೆಂಡತಿ, ನಡುವೆ ಒಂದು ಮಗು: ನಮ್ಮ ರಸ್ತೆಗಳಲ್ಲಿ ಇದು ಮಾಮೂಲು ನೋಟ. ಆದರೆ ಕಾಯ್ದೆಯ 128ನೇ ಸೆಕ್ಷನ್, ದ್ವಿಚಕ್ರ ವಾಹನದಲ್ಲಿ ಚಾಲಕನಲ್ಲದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವಂತಿಲ್ಲ ಎನ್ನುತ್ತದೆ. ಆ ಒಬ್ಬರು ವಾಹನಕ್ಕೆ ಭದ್ರವಾಗಿ ಜೋಡಿಸಿದ ಆಸನದ ಮೇಲೆ, ಚಾಲಕನ ಹಿಂದೆ ಕೂರಬೇಕು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸುವ ರೂಢಿಗೆ ಇಲ್ಲಿ ಎಡೆಯಿಲ್ಲ.

2023ರ ಜೂನ್‌ನಲ್ಲಿ ಕೇರಳವು ರಸ್ತೆಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳ ಮೂಲಕ ದಂಡ ವಿಧಿಸತೊಡಗಿದಾಗ ಈ ವಿಷಯ ದೊಡ್ಡ ಚರ್ಚೆಯಾಯಿತು. ತಂದೆ–ತಾಯಿಯೊಡನೆ ಮೂರನೆಯವರಾಗಿ ಚಿಕ್ಕ ಮಕ್ಕಳಿಗೆ ಅವಕಾಶ ಕೊಡಬೇಕೆಂದು ಅಂದಿನ ರಾಜ್ಯಸಭಾ ಸದಸ್ಯ ಎಳಮರಂ ಕರೀಂ ಕೇಂದ್ರವನ್ನು ಕೋರಿದರು. ಕೇಂದ್ರ ಸಚಿವ ನಿತಿನ್ ಗಡ್ಕರಿ ಅದಕ್ಕೆ ಒಪ್ಪಲಿಲ್ಲ. ಕಾರು ಕೊಳ್ಳಲಾಗದ ಕುಟುಂಬಗಳ ಕಷ್ಟ ಸುಳ್ಳಲ್ಲ. ಆದರೆ ರಜೆಯ ದಿನದ ಮೋಜಿನ ಸವಾರಿಗೆ ಆ ಕಷ್ಟದ ಸಮರ್ಥನೆ ಸಲ್ಲದು.

ಹೊಲದ ದಾರಿಗೂ ಕಾನೂನು ಅನ್ವಯ

ಹೆದ್ದಾರಿಯಿಂದ ಇಳಿದ ಮೇಲೆ ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ನೇತುಹಾಕುವವರಿದ್ದಾರೆ. ಪೊಲೀಸರಿಲ್ಲದ ಕಡೆ ಕಾನೂನೂ ಇಲ್ಲವೆಂಬ ಭಾವನೆ ಇದಕ್ಕೆ ಕಾರಣ. ಆದರೆ ಕಾಯ್ದೆಯ ವ್ಯಾಖ್ಯೆಯಂತೆ ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಯಾವುದೇ ರಸ್ತೆ, ದಾರಿ ಅಥವಾ ಜಾಗ ಸಾರ್ವಜನಿಕ ಸ್ಥಳವೇ. ಡಾಂಬರು ಇದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಹಳ್ಳಿಗಳನ್ನು ಕೂಡಿಸುವ ಬಂಡಿ ದಾರಿಯೂ ಇದರಲ್ಲಿ ಸೇರುತ್ತದೆ. ಖಾಸಗಿ ಹೊಲದಲ್ಲಾದರೆ ಮಾಲೀಕರ ಅನುಮತಿ ಬೇಕು.

ಕಾಡಿನ ವಿಷಯ ಇನ್ನೂ ಕಟ್ಟುನಿಟ್ಟು. ಚಿಂಚೋಳಿ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಇಂಥ ಧಾಮದೊಳಗೆ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಚಂದ್ರಂಪಳ್ಳಿ ಜಲಾಶಯ ನೋಡಲು ಹೋಗುವವರು ಇಲಾಖೆ ತೋರಿಸಿದ ರಸ್ತೆಯಲ್ಲೇ ಸಾಗಬೇಕೇ ಹೊರತು ಮರಗಳ ನಡುವೆ ಬೈಕ್ ನುಗ್ಗಿಸುವಂತಿಲ್ಲ.

ನಿಯಮದ ಪಟ್ಟಿ, ಹಾದಿಯ ಸವಾರಿ

ಪಟ್ಟಿ ಬಿಗಿದು, ಹೆಲ್ಮೆಟ್ ಹಾಕಿ, ನಿಧಾನವಾಗಿ ಹೋದರೆ ಕಚ್ಚಾ ಹಾದಿಯಲ್ಲೂ ಮಗು ಸುರಕ್ಷಿತವಲ್ಲವೇ? ಪಾಲಕರು ಬಹುಪಾಲು ತಪ್ಪು ಲೆಕ್ಕ ಹಾಕುವುದು ಇಲ್ಲಿಯೇ.

ಸುರಕ್ಷಾ ಪಟ್ಟಿಯ ಕಲ್ಪನೆ ರಸ್ತೆಗೆ ಸಂಬಂಧಿಸಿದ್ದು. ರಸ್ತೆಯಲ್ಲಿ ಮಗುವಿಗಿರುವ ದೊಡ್ಡ ಭಯ ಜಾರಿ ಬೀಳುವುದು. ನಿದ್ದೆ ಬಂದ ಮಗುವಿನ ಹಿಡಿತ ಸಡಿಲವಾಗುತ್ತದೆ. ರಸ್ತೆಯುಬ್ಬು ದಾಟುವಾಗ, ಒಮ್ಮೆಲೇ ಬ್ರೇಕ್ ಹಾಕಿದಾಗ ಮಗು ಆಸನದಿಂದ ಸರಿಯುತ್ತದೆ. ಇದನ್ನು ಪಟ್ಟಿ ತಡೆಯುತ್ತದೆ. ಸವಾರ ಆಸನದ ಮೇಲೆ ನೆಟ್ಟಗೆ ಕುಳಿತಿರುತ್ತಾನೆ ಎಂಬುದು ಅದರ ಹಿಂದಿನ ಗೃಹಿಕೆ.

ಕಚ್ಚಾ ಹಾದಿಯ ಸವಾರಿಯ ಮೂಲಪಾಠವೇ ಬೇರೆ. ಕಲ್ಲು, ತಗ್ಗುಗಳಲ್ಲಿ ಸವಾರ ಆಸನ ಬಿಟ್ಟು ಫುಟ್‌ರೆಸ್ಟ್ ಮೇಲೆ ನಿಲ್ಲಬೇಕು. ಮಂಡಿ ಬಗ್ಗಿಸಿ, ಬೈಕ್ ತನ್ನ ಕೆಳಗೆ ಕುಣಿಯಲು ಬಿಟ್ಟು, ತನ್ನ ಮೈಯನ್ನು ಸ್ಥಿರವಾಗಿ ಇಟ್ಟುಕೊಳ್ಳಬೇಕು. ಏರಿನಲ್ಲಿ ಭಾರವನ್ನು ಮುಂದಕ್ಕೂ ಇಳಿಜಾರಿನಲ್ಲಿ ಹಿಂದಕ್ಕೂ ಸರಿಸಬೇಕು. ಹಿಡಿತ ತಪ್ಪಿದಾಗ ಬೈಕನ್ನು ಕೈಬಿಟ್ಟು ಅದರಿಂದ ದೂರ ಸರಿಯುವುದನ್ನೂ ಕಲಿಯಬೇಕು.

ಬೆನ್ನಿಗೆ 12–15 ಕಿಲೋ ತೂಕದ ಮಗುವನ್ನು ಬಿಗಿದುಕೊಂಡ ಸವಾರನಿಗೆ ಇವುಗಳಲ್ಲಿ ಯಾವುದೂ ಸಾಧ್ಯವಿಲ್ಲ. ಆತ ಎದ್ದು ನಿಂತರೆ ಮಗು ಹೆಗಲಿಗೆ ಜೋತುಬೀಳುತ್ತದೆ, ಅದರ ಕಾಲುಗಳು ಗಾಳಿಯಲ್ಲಿ ತೂಗಾಡುತ್ತವೆ. ಭಾರವೆಲ್ಲ ಮೇಲಕ್ಕೆ ಹೋಗಿ ಬೈಕ್ ಸುಲಭವಾಗಿ ವಾಲುತ್ತದೆ. ಕುಳಿತೇ ಸಾಗಿದರೆ ಪ್ರತಿ ಕಲ್ಲಿನ ಏಟೂ ಆಸನದ ಮೂಲಕ ಮಗುವಿನ ಬೆನ್ನುಮೂಳೆಗೆ ತಾಗುತ್ತದೆ. ಹಿಂದಕ್ಕೆ ಬಿದ್ದರೆ ಮಗುವಿನ ಮೇಲೆ ಬೀಳುವುದು ತಂದೆಯ ದೇಹವೇ. ಪಟ್ಟಿ ಇಲ್ಲದಿದ್ದರೆ ಮಗು ಜಾರುತ್ತದೆ, ಪಟ್ಟಿ ಇದ್ದರೆ ಸವಾರನಿಗೆ ಸವಾರಿ ಬಾರದಂತಾಗುತ್ತದೆ. ರಸ್ತೆಯಲ್ಲಿ ಮಗುವನ್ನು ಕಾಯುವ ಉಪಕರಣವು ಕಚ್ಚಾ ಹಾದಿಯಲ್ಲಿ ಹಾಗೆ ಕಾಯಲಾರದು.

ಇನ್ನೊಂದು ವ್ಯತ್ಯಾಸವೂ ಉಂಟು. ರಸ್ತೆಯಲ್ಲಿ ಬೀಳುವುದು ಅಪರೂಪದ ಘಟನೆ. ಕಚ್ಚಾ ಹಾದಿಯಲ್ಲಿ ಅದು ಕಲಿಕೆಯ ಒಂದು ಭಾಗ. ಬೀಳುತ್ತೇವೆಂದು ತಿಳಿದೇ ಅನುಭವಿಗಳು ಮೊಣಕಾಲು, ಮೊಣಕೈ, ಎದೆಗೆ ರಕ್ಷಾಕವಚ ತೊಟ್ಟು, ದಪ್ಪ ಬೂಟು ಹಾಕಿ ಹೊರಡುತ್ತಾರೆ. ತಂದೆ ಬೀಳಲು ಸಿದ್ಧನಾಗಿ ಹೊರಡುವ ಹಾದಿಗೆ ಮಗುವನ್ನು ಸಾದಾ ಅಂಗಿ, ಚಪ್ಪಲಿಯಲ್ಲಿ ಕರೆದೊಯ್ಯುವುದು ಯಾವ ನ್ಯಾಯ?

ಮಗುವಿನ ಮೈ ದೊಡ್ಡವರ ಮೈಯಲ್ಲ

ದೊಡ್ಡವರಲ್ಲಿ ತಲೆಯ ಉದ್ದ ಒಟ್ಟು ಎತ್ತರದ ಏಳು–ಎಂಟನೇ ಒಂದು ಭಾಗದಷ್ಟಿದ್ದರೆ, ಹುಟ್ಟಿದ ಮಗುವಿನಲ್ಲಿ ಅದು ಸುಮಾರು ನಾಲ್ಕನೇ ಒಂದು ಭಾಗ. ಮೊದಲ ಕೆಲವು ವರ್ಷ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ದೊಡ್ಡದು ಮತ್ತು ಭಾರ, ಕುತ್ತಿಗೆಯ ಸ್ನಾಯುಗಳು ಎಳೆಯವು. ಹೀಗಾಗಿ ಬೀಳುವಾಗ ತಲೆಯೇ ಮುಂದಾಗುತ್ತದೆ. ನಿರಂತರ ಕುಲುಕಾಟದಲ್ಲಿ ಆ ತಲೆಯನ್ನು, ಅದರ ಮೇಲೆ ಹೆಲ್ಮೆಟ್ಟಿನ ಭಾರವನ್ನು ಹೊತ್ತ ಕುತ್ತಿಗೆ ಬೇಗ ದಣಿಯುತ್ತದೆ. ದಣಿವನ್ನು ಮಾತಿನಲ್ಲಿ ಹೇಳುವ ಶಕ್ತಿ ಎರಡು–ಮೂರು ವರ್ಷದ ಮಗುವಿಗೆ ಇರುವುದಿಲ್ಲ.

ವೇಗದ ಪರಿಣಾಮವನ್ನು ಎತ್ತರದ ಲೆಕ್ಕದಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಗಟ್ಟಿ ವಸ್ತುವಿಗೆ ಅಪ್ಪಳಿಸುವುದು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬಿದ್ದಂತೆ. 40 ಕಿ.ಮೀ. ಆದರೆ 6 ಮೀಟರ್‌ಗೂ ಹೆಚ್ಚು, ಅಂದರೆ ಎರಡಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಂತೆ. 60 ಕಿ.ಮೀ. ಆದರೆ 14 ಮೀಟರ್. ವೇಗ ಇಮ್ಮಡಿಯಾದರೆ ಏಟು ನಾಲ್ಕು ಪಟ್ಟಾಗುತ್ತದೆ. ನಿಯಮ 40ರ ಮಿತಿ ಹೇಳಿದೆ ಎಂದರೆ 40 ನಿರಪಾಯಕಾರಿ ಎಂದಲ್ಲ.

ದೇಶದ ಅಂಕಿಅಂಶಗಳೂ ಎಚ್ಚರಿಸುತ್ತವೆ. ಕೇಂದ್ರ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂಬದಿಯಲ್ಲಿ ಕುಳಿತವರು.

ಎರೆ, ಮಳೆ, ಬಿಸಿಲು

ಕಲಬುರಗಿಯ ಎರೆ ಮಣ್ಣು ಋತುವಿಗೊಂದು ಸ್ವಭಾವ ತೋರುತ್ತದೆ. ಮಳೆ ಬಿದ್ದರೆ ಅಂಟಿನಂತಾಗಿ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ತುಂಬಿಕೊಳ್ಳುತ್ತದೆ. ಗಾಲಿ ತಿರುಗುವುದೇ ನಿಂತು ಬೈಕ್ ಮಗ್ಗುಲಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಗಾಲಿ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಕಮಲಾಪುರದ ಕಡೆಯ ಕೆಂಪು ಗರಸು ಒಣಗಿದಾಗ ಗುಂಡುಕಲ್ಲುಗಳ ಮೇಲೆ ಓಡಿಸಿದಂತೆ ಜಾರುತ್ತದೆ. ಮಳೆಗಾಲದಲ್ಲಿ ಹಳ್ಳಗಳು ಮೇಲಿನ ಊರುಗಳ ಮಳೆಗೆ ಒಮ್ಮೆಲೇ ತುಂಬಿ ಬರುತ್ತವೆ. ಬೆಳಿಗ್ಗೆ ದಾಟಿದ ಹಳ್ಳವನ್ನು ಮಧ್ಯಾಹ್ನ ದಾಟಲಾಗದೆ ಹೋಗಬಹುದು.

ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿಯೇರುತ್ತದೆ, ನೀರಿನಂಶ ಬೇಗ ಕಳೆದುಕೊಳ್ಳುತ್ತದೆ. ಇಂಜಿನ್ನಿನ ಶಾಖ, ಹೆಲ್ಮೆಟ್ಟಿನೊಳಗಿನ ಬೆವರು, ಮುಂದಿನ ಬೈಕ್ ಎಬ್ಬಿಸಿದ ಧೂಳು ಎಲ್ಲವೂ ಸೇರಿದರೆ ಅರ್ಧ ಗಂಟೆಯೂ ಮಗುವಿಗೆ ದೀರ್ಘವೇ. ಕಾದ ಸೈಲೆನ್ಸರ್‌ಗೆ ಮೀನಖಂಡ ತಾಗಿ ಸುಡುವ ಅಪಾಯವೂ ಇದೆ.

ಹೊರನಾಡುಗಳ ರೀತಿ

ಆಸ್ಟ್ರೇಲಿಯಾದ ರಸ್ತೆ ನಿಯಮಗಳ ಪ್ರಕಾರ 8 ವರ್ಷದೊಳಗಿನ ಮಗುವನ್ನು ಬೈಕ್‌ನ ಹಿಂಬದಿಯಲ್ಲಿ ಕೂರಿಸುವಂತಿಲ್ಲ, ಸೈಡ್‌ಕಾರ್ ಇದ್ದರೆ ಮಾತ್ರ ವಿನಾಯಿತಿ. ಫಿಲಿಪ್ಪೀನ್ಸ್ ದೇಶ 2015ರ ತನ್ನ ಕಾಯ್ದೆಯಲ್ಲಿ ವಯಸ್ಸಿನ ಬದಲು ಮೂರು ಸರಳ ಪರೀಕ್ಷೆಗಳನ್ನು ಇಟ್ಟಿದೆ: ದಟ್ಟಣೆಯ ಅಥವಾ ವೇಗದ ರಸ್ತೆಗಳಲ್ಲಿ ಸಾಗಬೇಕಾದರೆ ಮಗುವಿನ ಪಾದ ಫುಟ್‌ರೆಸ್ಟ್ ಮುಟ್ಟಬೇಕು, ತೋಳುಗಳು ಸವಾರನ ಸೊಂಟವನ್ನು ಬಳಸಬೇಕು, ತಲೆಗೆ ಹೆಲ್ಮೆಟ್ ಇರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2000ದಲ್ಲಿ ಪ್ರಕಟಿಸಿದ ನೀತಿಯಲ್ಲಿ, ರಸ್ತೆಯಾಚೆ ಓಡಿಸುವ ಮೋಟಾರು ವಾಹನಗಳು 16 ವರ್ಷದೊಳಗಿನವರಿಗೆ ವಿಶೇಷವಾಗಿ ಅಪಾಯಕಾರಿ ಎಂದಿದೆ.

ಫಿಲಿಪ್ಪೀನ್ಸ್‌ನ ಅಳತೆಗೋಲು ಯಾವ ಪಾಲಕರೂ ಮನೆಯಂಗಳದಲ್ಲೇ ಬಳಸಬಹುದಾದದ್ದು. ಪಾದ ಮುಟ್ಟದ, ತೋಳು ಬಳಸದ ಮಗು ಸವಾರನೊಡನೆ ಸೇರಿ ವಾಲಲಾರದು, ಏಟು ಬಂದಾಗ ಕಾಲೂರಿ ತಡೆದುಕೊಳ್ಳಲಾರದು.

ಹೆಲ್ಮೆಟ್ ಕೊಳ್ಳುವಾಗ

ದ್ವಿಚಕ್ರ ವಾಹನದ ಹೆಲ್ಮೆಟ್‌ಗಳಿಗೆ ಐಎಸ್‌ಐ ಗುರುತು ಕಡ್ಡಾಯಗೊಳಿಸುವ ಆದೇಶ 2021ರ ಜೂನ್ 1ರಿಂದ ಜಾರಿಯಲ್ಲಿದೆ. ಸಂಬಂಧಿಸಿದ ಮಾನಕದ ಸಂಖ್ಯೆ ಐಎಸ್ 4151. ರಸ್ತೆಬದಿಯಲ್ಲಿ ಮಾರುವ ಕಾರ್ಟೂನ್ ಚಿತ್ರದ ಪ್ಲಾಸ್ಟಿಕ್ ಟೊಪ್ಪಿಗೆಗಳಿಗೆ ಈ ಗುರುತು ಇರದಿದ್ದರೆ ಅವು ಆಟಿಕೆಗಳಷ್ಟೇ.

ಮುಂದೆ ಬೆಳೆಯುತ್ತಾನೆಂದು ದೊಡ್ಡ ಅಳತೆಯದನ್ನು ಕೊಳ್ಳಬಾರದು. ಪಟ್ಟಿ ಬಿಗಿದ ಮೇಲೆ ಮಗು ತಲೆ ಅಲ್ಲಾಡಿಸಿದರೂ ಹೆಲ್ಮೆಟ್ ಬೇರೆಯಾಗಿ ತಿರುಗಬಾರದು. ಗದ್ದದ ಪಟ್ಟಿಯಡಿ ಒಂದು ಬೆರಳು ತೂರಿದರೆ ಸಾಕು. ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಕುಸಿದಿರುತ್ತದೆ. ಅದನ್ನು ಮತ್ತೆ ಬಳಸಬಾರದು, ಅಣ್ಣನದನ್ನು ತಮ್ಮನಿಗೆ ಕೊಡುವ ಮುನ್ನ ಇದನ್ನು ನೆನೆಯಬೇಕು.

ವಿಮೆಯ ಮಾತು

ಬೈಕ್‌ಗೆ ವಿಮೆ ಇದೆ ಎಂದು ನೆಮ್ಮದಿಯಿಂದಿರುವವರು ಪಾಲಿಸಿಯನ್ನು ಒಮ್ಮೆ ಓದಬೇಕು. ಕಾನೂನಿಗೆ ಬೇಕಾದಷ್ಟೇ ಇರುವ ಥರ್ಡ್ ಪಾರ್ಟಿ ಪಾಲಿಸಿಯು ಪುಕ್ಕಟೆಯಾಗಿ ಹಿಂಬದಿಯಲ್ಲಿ ಕುಳಿತವರನ್ನು ಒಳಗೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಮಗ್ರ ಪಾಲಿಸಿ ಇದ್ದರೂ ಸ್ಪರ್ಧೆ, ವೇಗ ಪರೀಕ್ಷೆಗಳಲ್ಲಿ ಆದ ಹಾನಿಗೆ ಸಾಮಾನ್ಯವಾಗಿ ಪರಿಹಾರವಿರುವುದಿಲ್ಲ.

ಹಾಗಾದರೆ ಮಗುವಿಗೆ ಗುಡ್ಡ ಬೇಡವೇ?

ಬೇಕು. ಮಗುವಿಗೆ ಬೇಕಾದದ್ದು ಬೈಕಿನ ಕುಲುಕಾಟವಲ್ಲ. ತಂದೆ–ತಾಯಿಯ ಜೊತೆ, ಹೊಸ ನೋಟ, ಮಣ್ಣು, ನೀರು. ಅದಕ್ಕೆ ಕಮಲಾಪುರದ ಪರಿಸರ ಹೇಳಿ ಮಾಡಿಸಿದಂತಿದೆ. ಊರಿನವರೆಗೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಹೋಗಬಹುದು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವೂ ಇಲ್ಲ. ಕಲಬುರಗಿ–ಬೀದರ್ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿದ್ದು, ಕಮಲಾಪುರದಲ್ಲಿ ನಿಲ್ದಾಣವಿದೆ. ಇದೇ ಮಾರ್ಗದ ಮರಗುತ್ತಿ ಸುರಂಗದೊಳಗೆ ರೈಲು ನುಗ್ಗುವ ಗಳಿಗೆ ಮಕ್ಕಳಿಗೆ ಯಾವ ಬೈಕ್ ಸವಾರಿಗೂ ಕಡಿಮೆಯಲ್ಲ.

ಬೈಕಿನಲ್ಲೇ ಹೋಗಬೇಕೆಂದರೆ ಡಾಂಬರು ಮುಗಿಯುವಲ್ಲಿಗೆ ಮಗುವಿನ ಸವಾರಿಯೂ ಮುಗಿಯಬೇಕು. ಅಲ್ಲಿ ಬೈಕ್ ನಿಲ್ಲಿಸಿ ಗುಡ್ಡವನ್ನು ನಡೆದು ಹತ್ತಬಹುದು. ತಂಡದಲ್ಲಿ ಹೋಗುವವರು ಒಬ್ಬ ಹಿರಿಯರನ್ನು ಮಕ್ಕಳೊಡನೆ ನೆರಳಿನಲ್ಲಿ ಬಿಟ್ಟು ಸರದಿಯಂತೆ ಹಾದಿಗೆ ಇಳಿಯಬಹುದು. ಹೆದ್ದಾರಿಯ ಮೇಲೂ ಎಚ್ಚರ ತಪ್ಪುವಂತಿಲ್ಲ. ಲಾರಿಗಳ ಓಟ, ಸುಗ್ಗಿಯಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ಅಪಾಯ ತರುತ್ತವೆ. ಹೊತ್ತು ಮುಳುಗುವ ಮುನ್ನ ಮನೆ ಸೇರಬೇಕು. ಅರ್ಧ ಗಂಟೆಗೊಮ್ಮೆ ನಿಂತು ಮಗುವಿಗೆ ನೀರು ಕುಡಿಸಬೇಕು.

ಅವಘಡವಾದರೆ 108 ಆಂಬುಲೆನ್ಸ್ ಅಥವಾ 112ಕ್ಕೆ ಕರೆ ಮಾಡಬೇಕು. ಬಿದ್ದ ಮಗುವನ್ನು ಗಾಬರಿಯಿಂದ ಎತ್ತಿ ಅಲುಗಾಡಿಸಬಾರದು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬಾರದು, ತಲೆ–ಕುತ್ತಿಗೆ ಒಂದೇ ನೇರದಲ್ಲಿರುವಂತೆ ಹಿಡಿಯಬೇಕು. ಮೇಲೆ ಗಾಯ ಕಾಣದಿದ್ದರೂ ವಾಂತಿ, ಮಂಪರು, ಗುರುತು ಹಿಡಿಯದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದೂರದ ಹೊಲದ ದಾರಿಗೆ ಆಂಬುಲೆನ್ಸ್ ಬರಲು ಹಿಡಿಯುವ ಸಮಯವನ್ನು ಹೊರಡುವ ಮುನ್ನವೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಕಚ್ಚಾ ಹಾದಿಯ ಸವಾರಿ ದೊಡ್ಡವರು ತಮ್ಮ ಇಚ್ಛೆಯಿಂದ ಎದುರುಹಾಕಿಕೊಳ್ಳುವ ಅಪಾಯ. ಅದರ ತೂಕವನ್ನು ಅಳೆದು ಒಪ್ಪುವ ಬುದ್ಧಿ, ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆ. ಬೆನ್ನಿಗೆ ಬಿಗಿದ ಮಗುವಿಗೆ ಇವೆರಡೂ ಇಲ್ಲ. ಪಾದ ಫುಟ್‌ರೆಸ್ಟ್ ಮುಟ್ಟುವ ದಿನ ಹೇಗೂ ಬಂದೇ ಬರುತ್ತದೆ. ಗುಡ್ಡ ಅಲ್ಲಿಯವರೆಗೂ ಅಲ್ಲೇ ಇರುತ್ತದೆ.